ವಿನಿಮಯ ಯೋಜನೆಯಡಿ ಅಜ್ಜಿಯರು ವಿದೇಶಕ್ಕೆ ತೆರಳುವುದನ್ನು ನಿಯಂತ್ರಿಸುವ ಕುರಿತು

ಸೇವಾ ಕ್ಲಬ್
ಅಂತರರಾಷ್ಟ್ರೀಯ ವಿದ್ಯಾರ್ಥಿ ವಿನಿಮಯ ಹಾಗೂ ವಿದ್ಯಾರ್ಥಿವೇತನ ಉಪಸಮಿತಿ
ಮೊದಲನೇ ಮಹಡಿ, ಕೇರಂ ಕೋಣೆಯ ಪಕ್ಕ

ಸಂಖ್ಯೆ: ಸೇಕ್ಲ/ವಿವಿಉಸ/ಅಜ್ಜಿ/1

ಸುತ್ತೋಲೆ

ವಿಷಯ: ವಿದ್ಯಾರ್ಥಿ ವಿನಿಮಯ ಯೋಜನೆಯಡಿ ಕ್ಲಬ್ಬಿನ ಕಾರ್ಯದರ್ಶಿಯವರ ತಾಯಿಯವರು ವಿದೇಶಕ್ಕೆ ತೆರಳಿರುವ ಬಗ್ಗೆ, ಹಾಗೂ ಇಂಥದ್ದು ಮರುಕಳಿಸದಂತೆ ಕೈಗೊಳ್ಳಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ: (1) ಬೀಳ್ಕೊಡುಗೆ ಸಮಾರಂಭದ ನಡವಳಿ. (2) ಸದರಿ ಸಮಾರಂಭದ ತರುವಾಯ ಅಧ್ಯಕ್ಷರು ದೂರವಾಣಿಯಲ್ಲಿ ಆಡಿದ ಮಾತುಗಳು (ಬರಹಕ್ಕೆ ಇಳಿಸಿರುವುದಿಲ್ಲ).

ಎಲ್ಲ ಸದಸ್ಯರಿಗೂ, ಅವರ ಮನೆಯವರಿಗೂ, ಮುಖ್ಯವಾಗಿ ಅವರ ಮನೆಯ ಹಿರಿಯರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ:

ಹಿಮ ಬೀಳುವ ದೇಶವೊಂದರಿಂದ ಒಬ್ಬ ವಿದ್ಯಾರ್ಥಿನಿಯು ನಮ್ಮ ಭಾಷೆಯನ್ನು ಕಲಿಯುವ ಸಲುವಾಗಿ ಕಳೆದ ವರ್ಷ ನಮ್ಮ ಕ್ಲಬ್ಬಿಗೆ ಆಗಮಿಸಿದ್ದು ಸರಿಯಷ್ಟೆ. ಮೊದಲ ಹಂತದಲ್ಲಿ ಆಕೆಯನ್ನು ಅಧ್ಯಕ್ಷರ ಮನೆಯಲ್ಲಿ ಇರಿಸಲಾಯಿತು. ಬಣ್ಣದ ಅಂಗಡಿಯ ಮಾಲೀಕರಾದ ಅಧ್ಯಕ್ಷರು ಆಕೆಯ ಕೋಣೆಗೆ ಮೂರು ಬಗೆಯ ಬಣ್ಣ ಬಳಿಸಿ ಆದರಿಸಿದರು. ತಮ್ಮ ಮಗನ ಇಂಗ್ಲಿಷ್ ಸುಧಾರಿಸಲೆಂದು ಮನೆಯಲ್ಲಿ ಬೇರೆ ಭಾಷೆಯನ್ನು ನಿಷೇಧಿಸಿದರು. ವಿದ್ಯಾರ್ಥಿನಿಯು ಬಕೆಟ್ಟು, ಬಾಗಿಲು, ಬೆಕ್ಕು ಏನನ್ನು ತೋರಿಸಿ ಇದರ ಹೆಸರೇನೆಂದು ಕೇಳಿದರೂ ಮನೆಮಂದಿ ಇಂಗ್ಲಿಷಿನಲ್ಲೇ ಉತ್ತರಿಸಿದರು. ಅಲ್ಲಿಂದ ಹೊರಡುವ ಹೊತ್ತಿಗೆ ಆಕೆಗೆ ಬರುತ್ತಿದ್ದ ಕನ್ನಡವೆಂದರೆ "ಸಾಕು, ಸಾಕು" ಎಂಬುದೊಂದೇ. ಅದನ್ನೂ ಆಕೆ ಊಟ ಬಡಿಸುವಾಗ ತಾನೇ ಕೇಳಿ ಕಲಿತದ್ದೆಂದು ತಿಳಿದುಬಂದಿದೆ.

ಎರಡನೇ ಹಂತದಲ್ಲಿ ಆಕೆಯನ್ನು ಕೆಳಗೆ ಸಹಿ ಮಾಡಿರುವ ಕಾರ್ಯದರ್ಶಿಯ ಮನೆಗೆ ವರ್ಗಾಯಿಸಲಾಯಿತು. ಅಲ್ಲಿ ಓದುವ ಮೇಜು ಇದ್ದದ್ದು ಸದರಿ ಕಾರ್ಯದರ್ಶಿಯ ತಾಯಿಯವರ (ಇನ್ನು ಮುಂದೆ 'ಅಜ್ಜಿ') ಕೋಣೆಯಲ್ಲಿ ಮಾತ್ರ. ಅವಘಡಕ್ಕೆ ಮೂಲ ಈ ಮೇಜೇ ಎಂದು ಉಪಸಮಿತಿಯು ಅಭಿಪ್ರಾಯಪಟ್ಟಿದೆ.

ಅಜ್ಜಿಯು ನಿವೃತ್ತಿಯವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಹಲೋ ಎಂದರೆ ಪಕ್ಕದ ಬೀದಿಗೂ ಕೇಳಿಸುವ ಗಂಟಲು. ಅವರಿಗೆ ಇಂಗ್ಲಿಷ್ ಬರುತ್ತದೆ. ಆದರೆ ವಿದ್ಯಾರ್ಥಿನಿಯೊಂದಿಗೆ ಒಂದು ದಿನವೂ ಬಳಸಲಿಲ್ಲ. ಏಕೆಂದು ಸೊಸೆಯು ವಿಚಾರಿಸಲಾಗಿ, "ಇಂಗ್ಲಿಷಲ್ಲಿ ಬೈದ್ರೆ ಮೈಗೆ ತಾಗಲ್ಲ ಕಣೇ" ಎಂದು ಉತ್ತರಿಸಿರುತ್ತಾರೆ.

ವಿದ್ಯಾರ್ಥಿನಿಯ ಹೆಸರಿಗೆ ನಾಲಿಗೆ ಹೊರಳದ ಕಾರಣ ಅಜ್ಜಿಯು ಆಕೆಯನ್ನು 'ಗುಬ್ಬಿ' ಎಂದು ಮರುನಾಮಕರಣ ಮಾಡಿದರು. ಕ್ಲಬ್ಬಿನ ಅನುಮತಿ ಪಡೆದಿರುವುದಿಲ್ಲ. ಬಟ್ಟೆ ಒಣಹಾಕುವಾಗ, ಕಿಟಕಿಯಲ್ಲಿ ನಿಂತು ಇಸ್ತ್ರಿಯವನಿಗೆ ಗದರುವಾಗ, ಬೆಕ್ಕನ್ನು ಓಡಿಸುವಾಗ ಗುಬ್ಬಿಯನ್ನು ಜೊತೆಗಿಟ್ಟುಕೊಂಡರು. ತಪ್ಪು ಮಾತಾಡಿದರೆ ತಲೆಗೆ ಮೊಟಕಿದರು, ಸರಿ ಮಾತಾಡಿದರೆ ಅದೇ ತಲೆ ಸವರಿದರು. ಸಂಜೆ ಕ್ಲಬ್ಬಿನಿಂದ ಬರುತ್ತಿದ್ದ ಕಾರ್ಯದರ್ಶಿಗೆ ಅಜ್ಜಿಯ ಕೋಣೆಯಿಂದ ಇಬ್ಬರ ನಗು ಕೇಳಿಸುತ್ತಿತ್ತು. ಅದು ಭಾಷಾಭ್ಯಾಸವೆಂದು ಅವರಿಗೆ ಹೊಳೆಯಲಿಲ್ಲ.

ಬೀಳ್ಕೊಡುಗೆಯ ದಿನ ವಲಯದ ಮುಖ್ಯಸ್ಥರು ಹಾಜರಿದ್ದರು. ವಿದ್ಯಾರ್ಥಿನಿಯು ಓದಲೆಂದು ಉಪಾಧ್ಯಕ್ಷರು 'ತಮ್ಮೆಲ್ಲರ ಔದಾರ್ಯಕ್ಕೆ ಚಿರಋಣಿ' ಎಂಬಂಥ ಮೂರು ವಾಕ್ಯಗಳನ್ನು ಬರೆದುಕೊಟ್ಟಿದ್ದರು. ಆಕೆ ಅದನ್ನು ಮಡಿಚಿಟ್ಟು ಮೈಕು ಹಿಡಿದು ಈ ಕೆಳಕಂಡಂತೆ ಮಾತನಾಡಿದಳು:

"ಎಲ್ರಿಗೂ ನಮಸ್ಕಾರ ಕಣ್ರಪ್ಪ. ಹಿಂದೆ ಕೂತೋರು ಮುಂದೆ ಬನ್ನಿ, ಕುರ್ಚಿ ಏನೂ ಕಚ್ಚಲ್ಲ." (ಸಭೆಯಲ್ಲಿ ಚಪ್ಪಾಳೆ.) "ಅಧ್ಯಕ್ಷರ ಮನೇಲಿ ನನ್ನ ರಾಣಿ ಥರ ನೋಡ್ಕೊಂಡ್ರು. ಫೋಟೊ ಹಿಡಿದ್ರು, ಹಿಡಿದ್ರು, ಹಿಡಿದ್ರು. ಮಾತು ಮಾತ್ರ ಯಾರೂ ಆಡ್ಲಿಲ್ಲ." (ನಗು.) "ಕಾರ್ಯದರ್ಶಿಗಳು ತುಂಬಾ ಒಳ್ಳೇವ್ರು. ಊರಿಗೆಲ್ಲ ಉಚಿತ ಕನ್ನಡಕದ ಶಿಬಿರ ಮಾಡ್ತಾರೆ. ನಮ್ಮಜ್ಜಿ ಕನ್ನಡಕದ ಕಡ್ಡಿ ಮುರಿದು ಯಾವ ಕಾಲ ಆಯ್ತು, ದಾರ ಕಟ್ಕೊಂಡು ಓಡಾಡ್ತಾರೆ." (ಯಾರೂ ನಗಲಿಲ್ಲ.)

ಬಳಿಕ ಆಕೆ ಇನ್ನೊಂದು ಮಾತು ಸೇರಿಸಿದಳು: "ನನ್ನ ಬದಲಿಗೆ ಇಲ್ಲಿಂದ ಒಬ್ರು ನಮ್ಮೂರಿಗೆ ಬರ್ಬೇಕಲ್ಲ. ಅಜ್ಜೀನೇ ಕಳಿಸಿ. ನಮ್ಮಪ್ಪ ಅಮ್ಮ ಹೂಂ ಅಂದಿದ್ದಾರೆ. ನಮ್ಮ ಕ್ಲಬ್ಬಿನೋರೂ ಹೂಂ ಅಂದಿದ್ದಾರೆ."

ಆ ಸ್ಥಾನವನ್ನು ಅಧ್ಯಕ್ಷರ ಮಗನಿಗೆ ಮೀಸಲಿಡಲಾಗಿತ್ತೆಂಬುದು ಎಲ್ಲರಿಗೂ ತಿಳಿದ ಗುಟ್ಟು. ಆದ್ದರಿಂದ ಉಪಸಮಿತಿಯು ಅಜ್ಜಿಯನ್ನು ತಿರಸ್ಕರಿಸಲು ಕಾರಣವನ್ನು ನಿಯಮಾವಳಿಯಲ್ಲಿ ಹುಡುಕಿತು. ಅಭ್ಯರ್ಥಿಗೆ ಹದಿನೆಂಟು ತುಂಬಿರಬೇಕು ಎಂದಿತ್ತು. ಅಜ್ಜಿಗೆ ತುಂಬಿತ್ತು. ಗರಿಷ್ಠ ವಯಸ್ಸು ಬರೆಯಲು ಯಾರಿಗೂ ತೋಚಿರಲಿಲ್ಲ. ವಿನಿಮಯ ಕ್ಷೇತ್ರದ ಅನುಭವವಿದ್ದವರಿಗೆ ಆದ್ಯತೆ ಎಂದಿತ್ತು. ಅಜ್ಜಿಯು ಟೆಲಿಫೋನ್ ಎಕ್ಸ್‌ಚೇಂಜಿನ ಸೇವಾ ಪ್ರಮಾಣಪತ್ರವನ್ನು ಲಗತ್ತಿಸಿದರು.

ಕೊನೆಯ ಉಪಾಯವಾಗಿ ಸಂದರ್ಶನ ಏರ್ಪಡಿಸಲಾಯಿತು. ಮೊದಲು ಒಳಬಂದ ಅಧ್ಯಕ್ಷರ ಮಗನು, "ನಂಗೆ ಹೋಗೋಕೇ ಇಷ್ಟ ಇಲ್ಲ ಸಾರ್, ಅಂಗಡೀಲಿ ಬಣ್ಣ ಬೆರೆಸೋದೇ ಇಷ್ಟ. ಅಪ್ಪಂಗೆ ಹೇಳ್ಬೇಡಿ" ಎಂದು ಕೋರಿರುತ್ತಾನೆ. ಆತನ ಕೋರಿಕೆಯಂತೆ ಈ ಅಂಶವನ್ನು ಗೌಪ್ಯವಾಗಿಡಲಾಗಿದೆ.

ನಂತರ ಅಜ್ಜಿಯನ್ನು, ವಿದೇಶದಲ್ಲಿ ಏನನ್ನು ಅಧ್ಯಯನ ಮಾಡಲಿಚ್ಛಿಸುತ್ತೀರಿ ಎಂದು ಕೇಳಲಾಯಿತು. ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಹೇಳಿದ್ದು: "ಎಷ್ಟು ಜನಕ್ಕೆ ಆ ಕಡೆಗೆ ಲೈನ್ ಕೊಟ್ಟಿದೀನಿ ಗೊತ್ತಾ? ಮಗು ಹುಟ್ತು ಅಂತ ನಕ್ಕೋರು, ಯಾರೋ ಹೋಗ್ಬಿಟ್ರು ಅಂತ ಅತ್ತೋರು, ದುಡ್ಡು ಮುಗೀತು ಅಂತ ಅರ್ಧ ಮಾತಲ್ಲೇ ಇಟ್ಟೋರು. ಎಲ್ಲಾ ಈ ಕಿವಿ ಮೇಲೇ ಹೋಗಿದೆ. ಆ ಕಡೆ ಏನಿದೆ ಅಂತ ಒಂದ್ಸಲ ಕಣ್ಣಲ್ಲಿ ನೋಡ್ಬೇಕಪ್ಪ. ಅಷ್ಟೇ."

ಉಪಾಧ್ಯಕ್ಷರು ಫ್ಯಾನಿನ ಗಾಳಿಗೆ ಕಣ್ಣಲ್ಲಿ ಧೂಳು ಬಿತ್ತೆಂದರು. ಫ್ಯಾನು ಕೆಟ್ಟು ನಿಂತಿತ್ತೆಂಬುದನ್ನು ದಾಖಲಿಸಿಕೊಳ್ಳಲಾಗಿದೆ.

ಇನ್ನುಳಿದದ್ದು ಪೋಷಕರ ಒಪ್ಪಿಗೆ. ಅಭ್ಯರ್ಥಿಯ ತಂದೆತಾಯಿ ಬದುಕಿಲ್ಲದ ಕಾರಣ ಆ ಅಧಿಕಾರವು ಮಗನಾದ ಕಾರ್ಯದರ್ಶಿಗೆ ಬಂದಿತು. ಅವರು ಮೂರು ದಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಕಡೆಗೆ ಅಡುಗೆಮನೆಯಲ್ಲಿ ಅಭ್ಯರ್ಥಿಯನ್ನು, "ಅಲ್ಲಿ ಚಳಿ ಅಮ್ಮಾ. ಮಂಡಿ ನೋವು ಬೇರೆ. ಬಿದ್ದುಗಿದ್ದರೆ ಯಾರು ನೋಡ್ತಾರೆ?" ಎಂದು ಕೇಳಲಾಯಿತು. "ಇಲ್ಲಿ ಬಿದ್ರೆ ಯಾರು ನೋಡ್ತಿದ್ರು? ನೀನು ಕ್ಲಬ್ಬಲ್ಲಿರ್ತೀಯ" ಎಂಬ ಉತ್ತರ ಬಂದಿತು. ಬಳಿಕ ಅಭ್ಯರ್ಥಿಯೇ ದನಿ ತಗ್ಗಿಸಿ, "ನಿನ್ನ ಮೇಲೆ ಕೋಪ ಇಲ್ಲ ಕಣೋ. ಹೋಗಿ ಬರ್ತೀನಿ ಅಂತಿದೀನಿ, ಹೋಗ್ತೀನಿ ಅಂದೆನಾ?" ಎಂದಿರುತ್ತಾರೆ.

ಕಾರ್ಯದರ್ಶಿಯು ಅಂದೇ ಕನ್ನಡಕದ ಅಂಗಡಿಗೆ ತೆರಳಿ ಹೊಸ ಕನ್ನಡಕ ಮಾಡಿಸಿದರು. ತರುವಾಯ ಸಹಿ ಹಾಕಿದರು. ಗುಬ್ಬಿ ಹೊರಟ ವಿಮಾನದಲ್ಲೇ, ಆಕೆಯ ಪಕ್ಕದ ಕಿಟಕಿ ಸೀಟಿನಲ್ಲಿ, ಅಜ್ಜಿಯೂ ಹೊರಟರು.

ಮೇಲ್ಕಂಡ ಸಂಗತಿಗಳ ಹಿನ್ನೆಲೆಯಲ್ಲಿ ಈ ಕೆಳಗಿನ ನಿಯಮಗಳನ್ನು ತಕ್ಷಣದಿಂದ ಜಾರಿಗೆ ತರಲಾಗಿದೆ:

1. ಇನ್ನು ಮುಂದೆ 'ಯುವಜನ' ಎಂದರೆ ಮೊಮ್ಮಕ್ಕಳಿಲ್ಲದವರು ಎಂದು ಅರ್ಥೈಸತಕ್ಕದ್ದು.

2. ಆತಿಥೇಯ ಮನೆಗಳ ಅಜ್ಜಿಯರು ಅತಿಥಿ ವಿದ್ಯಾರ್ಥಿಗಳೊಂದಿಗೆ "ಊಟ ಆಯ್ತಾ", "ಮಲಕ್ಕೋ" ಎಂಬ ಎರಡು ಮಾತುಗಳನ್ನು ಮಾತ್ರ ಆಡತಕ್ಕದ್ದು. ಹೆಚ್ಚಿನ ಮಾತುಕತೆಗೆ ಮೂರು ಪ್ರತಿಗಳಲ್ಲಿ ಪೂರ್ವಾನುಮತಿ ಕೋರತಕ್ಕದ್ದು. ಅಜ್ಜಂದಿರಿಗೆ ಈ ನಿಯಮ ಅನ್ವಯಿಸದು. ಅವರು ಪೇಪರ್ ಓದುತ್ತಿರುವುದಾಗಿ ವರದಿಯಾಗಿದೆ.

3. ಅತಿಥಿ ವಿದ್ಯಾರ್ಥಿಗಳು ಧನ್ಯವಾದ ಹೇಳಲು ಬೇಕಾದಷ್ಟು ಕನ್ನಡವನ್ನು ಮಾತ್ರ ಕಲಿಯತಕ್ಕದ್ದು. ನಿಜ ಹೇಳುವಷ್ಟು ಕಲಿತಿರುವುದು ಕಂಡುಬಂದಲ್ಲಿ ಆತಿಥೇಯ ಕುಟುಂಬವೇ ಹೊಣೆ.

4. ಬೀಳ್ಕೊಡುಗೆಯ ಮೈಕಿನ ಸ್ವಿಚ್ಚು ಉಪಾಧ್ಯಕ್ಷರ ಕೈಯಲ್ಲಿರತಕ್ಕದ್ದು. ಭಾಷಣ ಕೇಳುತ್ತ ಅವರು ಅದನ್ನು ಮರೆತು ಕೂರಬಾರದು.

5. ವಿದೇಶಿ ಅತಿಥಿಯನ್ನು ಬರಮಾಡಿಕೊಳ್ಳುವ ಮುನ್ನ ಪ್ರತಿ ಸದಸ್ಯರೂ ತಮ್ಮ ಮನೆಯ ಹಿರಿಯರ ಕನ್ನಡಕ, ಚಪ್ಪಲಿ, ಊರುಗೋಲುಗಳನ್ನು ಸ್ವತಃ ಪರಿಶೀಲಿಸತಕ್ಕದ್ದು. ಈ ನಿಯಮವನ್ನು ಕಾರ್ಯದರ್ಶಿಯು ಸ್ವಂತ ಇಚ್ಛೆಯಿಂದ ಸೇರಿಸಿದ್ದು, ಇದರಲ್ಲಿ ನಗುವಂಥದ್ದೇನೂ ಇರುವುದಿಲ್ಲ.

6. ಅಜ್ಜಿಯ ನಿರ್ಗಮನದ ನಂತರ ಸದಸ್ಯರ ತಾಯಂದಿರಿಂದಲೂ ಅತ್ತೆಯಂದಿರಿಂದಲೂ ಅರ್ಜಿಗಳು ರಾಶಿ ಬಿದ್ದಿವೆ. ಪಾಸ್‌ಪೋರ್ಟ್ ಅಳತೆಯ ಫೋಟೊ ಹಿಡಿದು ಕೇರಂ ಕೋಣೆಯಲ್ಲಿ ಕಾಯುತ್ತ ಕೂತವರು ಆಟಗಾರರಿಗೆ ಯಾವ ಕಾಯಿ ಹೊಡೆಯಬೇಕೆಂದು ಸೂಚಿಸುತ್ತಿರುವುದು ನಿಲ್ಲತಕ್ಕದ್ದು. ತಮ್ಮ ಅತ್ತೆಯ ಅರ್ಜಿಯನ್ನು ತಾವೇ ತುಂಬಿ, ಅವಧಿ 'ಎಷ್ಟಾದರೂ ಸರಿ' ಎಂದು ಬರೆದಿರುವ ಖಜಾಂಚಿಯವರಿಂದ ವಿವರಣೆ ಕೇಳಲಾಗಿದೆ.

7. ಅಜ್ಜಿಯು ಅಲ್ಲಿನ ಶಾಲೆಯಲ್ಲಿ ಬೈಗುಳದ ಮೂಲಕ ನಮ್ಮ ಭಾಷೆ ಕಲಿಸುತ್ತಿದ್ದು, ಮಕ್ಕಳು ಬಹಳ ಹಚ್ಚಿಕೊಂಡಿದ್ದಾರೆಂದೂ ಇನ್ನೊಂದು ವರ್ಷ ಉಳಿಸಿಕೊಳ್ಳಲು ಅನುಮತಿ ಬೇಕೆಂದೂ ಅಲ್ಲಿನ ಕ್ಲಬ್ ಪತ್ರ ಬರೆದಿದೆ. ಸದರಿ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಕಾರಣ: ನಿಯಮಾವಳಿಯಲ್ಲಿ ಅವಕಾಶವಿಲ್ಲ. ಇನ್ನೊಂದು ಕಾರಣ: ಕಾರ್ಯದರ್ಶಿಯು ಈಗ ಸಂಜೆ ಬೇಗ ಮನೆಗೆ ಹೋಗುತ್ತಿದ್ದು, ಮನೆ ಸದ್ದಿಲ್ಲದೆ ಇರುತ್ತದೆ.

8. ಮೇಲ್ಕಂಡ ತಿರಸ್ಕಾರವನ್ನು ಕಾರ್ಯದರ್ಶಿಯು ದೂರವಾಣಿಯಲ್ಲಿ ಅಜ್ಜಿಗೆ ತಿಳಿಸಿದಾಗ, "ಲೈನ್ ಕ್ಲಿಯರಾಗಿದೆ, ಕಿರುಚಬೇಡ. ಅವಧಿ ಮುಗಿದ ಮೇಲೆ ಬರ್ತೀನಿ. ಬರುವಾಗ ಇಲ್ಲಿ ಗುಬ್ಬಿಯ ಅಜ್ಜೀನೂ ಜೊತೆಗೆ ಕರ್ಕೊಂಡು ಬರ್ತಿದೀನಿ, ನಾನು ಇಲ್ಲಿಗೆ ಬಂದಿದ್ದಕ್ಕೆ ಬದಲಿಯಾಗಿ" ಎಂದು ತಿಳಿಸಿ ಫೋನಿಟ್ಟಿರುತ್ತಾರೆ. ಆದ್ದರಿಂದ ನಿಯಮ 1 ಮತ್ತು 2ನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ.

ಇದನ್ನು ಓದಿದ್ದೇವೆಂದು ಸದಸ್ಯರೆಲ್ಲರೂ ಮನೆಯ ಹಿರಿಯರ ಎದುರು ಸಹಿ ಮಾಡತಕ್ಕದ್ದು.

(ಸಹಿ)
ಕಾರ್ಯದರ್ಶಿ ಹಾಗೂ ಪೋಷಕರು

ಪ್ರತಿಗಳು:
1. ಅಧ್ಯಕ್ಷರಿಗೆ – ಮಾಹಿತಿಗಾಗಿ (ಗೌಪ್ಯ ಅಂಶವನ್ನು ಬಿಟ್ಟು ಓದಿಕೊಳ್ಳುವುದು).
2. ಅಧ್ಯಕ್ಷರ ಮಗನಿಗೆ – ಅಂಗಡಿಯ ವಿಳಾಸಕ್ಕೆ.
3. ಉಪಾಧ್ಯಕ್ಷರಿಗೆ – ಫ್ಯಾನು ದುರಸ್ತಿ ಮಾಡಿಸುವ ಕೋರಿಕೆಯೊಂದಿಗೆ.
4. ಖಜಾಂಚಿಯವರಿಗೆ – ಅವರ ಅತ್ತೆಯವರ ಮೂಲಕ.
5. ಸೂಚನಾ ಫಲಕಕ್ಕೆ – ಅಜ್ಜಿಯರ ಕಣ್ಣಿಗೆ ಬೀಳದ ಎತ್ತರದಲ್ಲಿ.
6. ಕೆಳಸಹಿದಾರರ ತಾಯಿಯವರಿಗೆ – ಕಾಲುಚೀಲ ಹಾಕಿಕೊಳ್ಳುತ್ತಿದ್ದಾರೆಯೇ ಎಂಬ ಬಗ್ಗೆ ಮರುಟಪಾಲಿನಲ್ಲಿ ವರದಿ ಸಲ್ಲಿಸಲು.