ನನ್ನ ಸೈಟೇಷನ್ ಪುರಾಣ

ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳುವುದೇ ಸಂಶೋಧನೆ ಅಂತಾರೆ. ನನಗೆ ಮಾತ್ರ ಗೊತ್ತಿದ್ದದ್ದೂ ಕೈಕೊಡುತ್ತಲೇ ಬಂದಿದೆ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಾವಯವ ರಸಾಯನಶಾಸ್ತ್ರ ಕಲಿಸುತ್ತ, ಬಿಡುವಿನಲ್ಲಿ ಸಂಶೋಧನೆ ಮಾಡುತ್ತ ತಲೆಗೂದಲು ಉದುರಿಸಿಕೊಂಡವನು ನಾನು.

ಮನೆಗೆ ಬಂದು ಹೇಳದವರು

ಪ್ರೊಫೆಸರ್ ಹುದ್ದೆ ಯಾಕೆ ಇನ್ನೂ ಸಿಗಲಿಲ್ಲ ಎಂದು ಬಂಟ್ವಾಳದ ಮನೆಯಲ್ಲಿ ಅಮ್ಮ ಕೇಳಿದರು. ಬೇರೆ ವಿಜ್ಞಾನಿಗಳು ತಮ್ಮ ಲೇಖನದಲ್ಲಿ ನನ್ನ ಲೇಖನದ ಹೆಸರು ಹಾಕಬೇಕು, ಅದಕ್ಕೆ ಸೈಟೇಷನ್ ಅನ್ನುತ್ತಾರೆ, ನನಗೆ ಅದು ಸಾಲದು ಎಂದು ವಿವರಿಸಿದೆ. ಹೆಸರು ಹಾಕುವವರು ಮನೆಗೆ ಬಂದು ಹೇಳುತ್ತಾರೋ ಎಂದು ಕೇಳಿದರು. ಇಲ್ಲ ಎಂದೆ. ಫೋನಾದರೂ ಮಾಡುತ್ತಾರೋ? ಅದೂ ಇಲ್ಲ. ನಮ್ಮ ಕಡೆ ಮನೆಗೆ ಬಂದು ಹೇಳದ ಮದುವೆಗೆ ಸ್ವಂತ ಅಣ್ಣತಮ್ಮಂದಿರೂ ಹೋಗುವುದಿಲ್ಲ.

"ಮರ್ಯಾದೆ ಗೊತ್ತಿಲ್ಲದವರು. ನೀನೂ ಅವರ ಹೆಸರು ಹಾಕ್ಬೇಡ ಮಗಾ," ಎಂದರು ಅಮ್ಮ.

ಸನ್ಮಾನ

ಹೀಗಿರುವಾಗ ನನ್ನ ಒಂದು ಲೇಖನದ ಸೈಟೇಷನ್ ಇದ್ದಕ್ಕಿದ್ದಂತೆ ಏರತೊಡಗಿತು. ಎರಡು ಪದಾರ್ಥಗಳನ್ನು ಫ್ಲಾಸ್ಕಿನಲ್ಲಿ ಬಿಸಿ ಮಾಡಿದರೆ ಮೂರನೆಯದು ತಾನಾಗಿ ಬರುತ್ತದೆ, ಬೇರೇನೂ ಸೇರಿಸಬೇಕಿಲ್ಲ ಎಂಬ ಲೇಖನ ಅದು. ಪ್ರಾಂಶುಪಾಲರಿಗೆ ನನಗಿಂತ ಹೆಚ್ಚು ಖುಷಿ. ಶಾಲು, ಪೇಟ, ಹಣ್ಣಿನ ಬುಟ್ಟಿ ತರಿಸಿ ಸಭೆಯನ್ನೇ ಮಾಡಿದರು. ನಿರೂಪಣೆಗೆ ನಿಂತ ಕನ್ನಡ ಉಪನ್ಯಾಸಕರು, ಹೊರದೇಶದವರು ನನ್ನ ಬಗ್ಗೆ ಬರೆದದ್ದನ್ನು ಕನ್ನಡಕ್ಕೆ ತಂದು ಗಂಭೀರವಾಗಿ ಓದಿದರು: "ಇವರು ಹೇಳಿದಂತೆಯೇ ಮಾಡಿದೆವು. ಏನೂ ಆಗಲಿಲ್ಲ." ಸಭೆ ಚಪ್ಪಾಳೆ ತಟ್ಟಿತು. "ನಾವು ಮೂರು ಸಲ ಮಾಡಿದೆವು. ನಮಗೂ ಆಗಲಿಲ್ಲ." ಇನ್ನೂ ಜೋರಾಗಿ ತಟ್ಟಿತು.

ಪೇಟ ತೆಗೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ನಾನೂ ತಟ್ಟಿದೆ.

ನನಗೂ ಆಗಲಿಲ್ಲ

ಬಡ್ತಿ ಸಮಿತಿಯವರು ಚಪ್ಪಾಳೆ ತಟ್ಟುವವರಲ್ಲ. ಮುಂದಿನ ವಾರ ಬರುತ್ತೇವೆ, ಆ ಪ್ರಯೋಗವನ್ನು ಕಣ್ಣೆದುರು ಮಾಡಿ ತೋರಿಸಿ, ಆಮೇಲೆ ಪ್ರೊಫೆಸರ್ ಹುದ್ದೆಯ ಮಾತು ಎಂದರು. ಒಮ್ಮೆ ಮಾಡಿ ನೋಡಿದೆ. ಆಗಲಿಲ್ಲ. ಅದೇ ರಾಸಾಯನಿಕ, ಅದೇ ಫ್ಲಾಸ್ಕ್, ಅದೇ ನಾನು. ಹಿಂದೆ ಸುಳ್ಳು ಬರೆದೆನೋ ಎಂದು ನನ್ನ ಮೇಲೆ ನನಗೇ ಸಂಶಯ ಬಂತು, ನಾಚಿಕೆಯೂ ಆಯಿತು. ವಾಸ್ತು ಬಲ್ಲ ಭೌತಶಾಸ್ತ್ರದ ಸಹೋದ್ಯೋಗಿ ಮೇಜನ್ನು ಪೂರ್ವಕ್ಕೆ ತಿರುಗಿಸಲು ಹೇಳಿದರು. ತಿರುಗಿಸಿದೆ. ಪ್ರಯೋಗ ಆಗಲಿಲ್ಲ, ಕಪಾಟಿನ ಬಾಗಿಲು ತೆರೆಯದಂತಾಯಿತು ಅಷ್ಟೇ.

ಮುಂಡಾಜೆಯ ಬೂದಿ

ಬದಲಾದದ್ದು ಒಂದೇ ಎಂದು ಕೊನೆಗೆ ಹೊಳೆಯಿತು. ಫ್ಲಾಸ್ಕ್ ತೊಳೆಯುತ್ತಿದ್ದ ಅಟೆಂಡರ್ ಅಕ್ಕ ನಿವೃತ್ತರಾಗಿ ಮುಂಡಾಜೆಯ ಮನೆ ಸೇರಿದ್ದರು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಹೋದೆ. ನನ್ನನ್ನು ಕಂಡವರೇ, ಯಾವಾಗಲೋ ಫ್ಲಾಸ್ಕ್ ಒಡೆದದ್ದು ಈಗ ಗೊತ್ತಾಯಿತೋ ಎಂದು ಹೆದರಿದರು. ವಿಷಯ ತಿಳಿದ ಮೇಲೆ ಮೆಲ್ಲಗೆ ಒಪ್ಪಿಕೊಂಡರು.

"ಲ್ಯಾಬಿನ ಸೋಪಿನಪುಡಿಯಿಂದ ಕೈ ಒಡೀತಿತ್ತು ಸರ್. ಮನೆಯಿಂದ ಒಲೆಬೂದಿ ತಂದು ತೊಳೀತಿದ್ದೆ. ನೀವು ಬೈತೀರಿ ಅಂತ ಹೇಳ್ಲಿಲ್ಲ."

ಬೂದಿಯಲ್ಲಿ ಕ್ಷಾರ ಇರುತ್ತದೆ. ಫ್ಲಾಸ್ಕಿಗೆ ಅಂಟಿದ ಆ ಕ್ಷಾರವೇ ಇಷ್ಟು ದಿನ ನನ್ನ ಪ್ರಯೋಗ ನಡೆಸುತ್ತಿತ್ತು. ಒಂದು ಪೊಟ್ಟಣ ಬೂದಿ ತಂದು, ಫ್ಲಾಸ್ಕನ್ನು ನಾನೇ ತಿಕ್ಕಿ ತೊಳೆದು ಮಾಡಿ ನೋಡಿದೆ. ಆಗಲೂ ಆಗಲಿಲ್ಲ. ಸಮಿತಿ ಬರಲು ಎರಡೇ ದಿನ. ಅಕ್ಕನಿಗೆ ಫೋನ್ ಮಾಡಿದೆ, ಅಳುವುದೊಂದು ಬಾಕಿ.

"ಎಷ್ಟು ಸಲ ನೀರು ಹಾಕಿದ್ರಿ ಸರ್?"

"ಐದು ಸಲ ಅಕ್ಕ. ಒಂದು ಕಣ ಬೂದಿಯೂ ಉಳೀಲಿಲ್ಲ."

"ಐದಾ? ನನಗೆ ನಾಲ್ಕೂವರೆಯ ಬೆಳ್ತಂಗಡಿ ಬಸ್ಸು ಹಿಡೀಲಿಕ್ಕಿತ್ತು. ಒಂದು ಸಲ ನೀರು ತೋರಿಸಿ ಓಡ್ತಿದ್ದೆ."

ನಾನೂ ಒಂದೇ ಸಲ ನೀರು ತೋರಿಸಿದೆ. ಸಮಿತಿಯ ಎದುರು ಪ್ರಯೋಗ ಆಯಿತು, ನಾನು ಪ್ರೊಫೆಸರೂ ಆದೆ. ಹೊಸದಾಗಿ ಬರೆದ ತಿದ್ದುಪಡಿ ಲೇಖನದಲ್ಲಿ ಅಕ್ಕನ ಹೆಸರನ್ನು ನನ್ನ ಹೆಸರಿನ ಪಕ್ಕದಲ್ಲೇ ಹಾಕಿ, ಅಮ್ಮ ಹೇಳುವ ಮರ್ಯಾದೆಯಂತೆ ಅಕ್ಕನ ಮನೆಗೇ ಹೋಗಿ ಹೇಳಿ ಬಂದೆ. ಈಗ ನನ್ನ ಸೈಟೇಷನ್ ಏರುತ್ತಲೇ ಇದೆ. ಇಷ್ಟು ವರ್ಷಗಳ ನನ್ನ ಪಾಂಡಿತ್ಯದಲ್ಲಿ ಜಗತ್ತಿನ ವಿಜ್ಞಾನಿಗಳು ಎತ್ತಿ ಬರೆಯುವುದು ಮಾತ್ರ ಒಂದೇ ವಾಕ್ಯವನ್ನು: "ಫ್ಲಾಸ್ಕನ್ನು ಬಸ್ಸಿಗೆ ಹೊತ್ತಾದವರಂತೆ ತೊಳೆಯಬೇಕು."