ಮಗಳೊಳಗೊಬ್ಬ ಮಗ

ಬಾಗಲೂರಿನ ಮದುವೆ ಬ್ರೋಕರ್ ಲಕ್ಷ್ಮೀಪತಿಗೆ ಅವತ್ತು ಮೊದಲು ಸಿಟ್ಟು ಬಂದದ್ದು ತನ್ನ ಲ್ಯಾಪ್‌ಟಾಪಿನ ಮೇಲೆ. ಗಂಡು ಹೆಣ್ಣುಗಳ ಫೋಟೋಗಳೆಲ್ಲ ಅದರೊಳಗೆ ಸಂತೆ ಮುಗಿದ ಮೇಲಿನ ಸೊಪ್ಪಿನ ಹಾಗೆ ಒಂದೇ ರಾಶಿಯಾಗಿ ಬಿದ್ದಿದ್ದವು. ನಾಟ್ರಾಂಪಾಳ್ಯದ ರಾಮಕ್ಕ ಮಗಳು ಸುಷ್ಮಾಗೆ ಗಂಡು ನೋಡಲು ಅವತ್ತೇ ಬೆಟ್ಟ ಇಳಿದು ಬರುತ್ತಿದ್ದಳು.

ಊರಿಗೆಲ್ಲ ಗಂಟು ಹಾಕಿಸಿದ ಲಕ್ಷ್ಮೀಪತಿಗೆ ಇನ್ನೂ ಮದುವೆಯಾಗಿರಲಿಲ್ಲ. ಸುಷ್ಮಾಳನ್ನು ಒಮ್ಮೆ ಕಂಡವನು, ಮದುವೆಯಾದರೆ ಇವಳನ್ನೇ ಎಂದು ಮನಸ್ಸಿನಲ್ಲೇ ಹಸೆ ಹಾಸಿಬಿಟ್ಟಿದ್ದ. ಬಾಯಿಬಿಟ್ಟು ಕೇಳಿದರೆ, ಒಳ್ಳೆಯ ಸಂಬಂಧವನ್ನೆಲ್ಲ ಬ್ರೋಕರೇ ಇಟ್ಟುಕೊಳ್ಳುತ್ತಾನೆ ಎಂದು ಜನ ಆಡಿಕೊಂಡಾರು. ಅದಕ್ಕೇ ಗಂಡುಗಳ ನಡುವೆ ತನ್ನ ಫೋಟೋವನ್ನೂ ಮೆಲ್ಲಗೆ ತೂರಿಸಿದ್ದ. ರಾಮಕ್ಕನೇ ಬೆರಳಿಟ್ಟು ಇವನೇ ಅನ್ನಬೇಕು.

ಪಕ್ಕದ ಮನೆಯ ಸೌಮ್ಯ ಹೊಸೂರಿನ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಕೆಲಸದವಳು. ಅವತ್ತು ರಜೆ ಇದ್ದುದರಿಂದ ಸಹಾಯಕ್ಕೆ ಬಂದು ಕೂತಳು.

"ಪೈಥಾನ್‌ನಾಗೆ ನಾಕು ಸಾಲು ಪ್ರೋಗ್ರಾಮು ಬರೆದ್ರೆ ಅದೇ ವಿಂಗಡಿಸ್ತೈತೆ ಅಣ್ಣಾ. ಎಲ್ಲಾ ಫೋಟೋಗೂ 'ಮುನಿಯಪ್ಪನ ಮಗ', 'ಚಿನ್ನಸ್ವಾಮಿ ಮಗಳು' ಅಂತ್ಲೇ ಹೆಸ್ರು ಇಟ್ಟಿದ್ದೀಯಲ್ಲ. 'ಮಗ' ಅಂತಿದ್ರೆ ಗಂಡಿನ ಫೋಲ್ಡರು, 'ಮಗಳು' ಅಂತಿದ್ರೆ ಹೆಣ್ಣಿನ ಫೋಲ್ಡರು."

"ಪೈಥಾನ್ ಅಂದ್ರೆ ಹೆಬ್ಬಾವಲ್ವೇನಮ್ಮ?" ಎದುರಂಗಡಿಯ ಟೈಲರ್ ಮುನಿರತ್ನ ಕರೆಯದೆಯೇ ಒಳಗೆ ಬಂದು ಕೂತ. "ಮದ್ವೆ ಕೆಲ್ಸಕ್ಕೆ ಹಾವ್ಯಾಕೆ?"

"ನಿನ್ನ ಮಿಷನ್ ನೀನು ತುಳಿಯೋಗ್ಲಾ," ಎಂದು ಲಕ್ಷ್ಮೀಪತಿ ಹಲ್ಲು ಕಡಿದ.

ಸೌಮ್ಯ ಬರೆದಳು, ಓಡಿಸಿದಳು, ಅನ್ನಕ್ಕಿಟ್ಟು ಬಂದಿದ್ದೀನಿ ಎಂದು ಹೊರಟೇಹೋದಳು. ರಾಮಕ್ಕ ಬಂದು, ನೀರು ಕುಡಿದು, ಕನ್ನಡಕ ಏರಿಸಿ, ಗಂಡಿನ ಫೋಲ್ಡರಿನ ಮುಂದೆ ಕೂತಳು. ಮೊದಲ ಫೋಟೋದಲ್ಲಿ ಜಡೆ ತುಂಬ ಮಲ್ಲಿಗೆ. ಎರಡನೆಯದರಲ್ಲಿ ರೇಷ್ಮೆ ಸೀರೆ.

"ಏನಪ್ಪಾ, ನಿಮ್ ಕಡೆ ಗಂಡುಗಳು ಹೂವ ಮುಡೀತಾರಾ?"

ಮುನಿರತ್ನ ಇನ್ನೊಂದು ಫೋಲ್ಡರು ತೆರೆದು ನೋಡಿದ. "ಹೆಣ್ಣಿನ ಕಡೆ ಬಿಕೋ ಅಂತೈತೆ ಅಣ್ಣಾ. ಅದ್ಕೇ ಅನ್ಸುತ್ತೆ ನಮ್ ಹುಡುಗ್ರಿಗೆ ಹೆಣ್ಣೇ ಸಿಗ್ತಿಲ್ಲ."

ಲಕ್ಷ್ಮೀಪತಿಯ ಮುಖ ಬಾಣಲೆಗೆ ಬಿದ್ದ ಮೆಣಸಿನಕಾಯಿಯಾಯಿತು. ಕಾಂಪೌಂಡಿನ ಮೇಲೆ ಕತ್ತು ಚಾಚಿ ಕಿರುಚಿದ. "ಸೌಮ್ಯಾ, ನಿನ್ ಹೆಬ್ಬಾವು ಹೆಣ್ಮಕ್ಳನ್ನೆಲ್ಲ ನುಂಗಿ ಗಂಡಿನ ಕಡೆ ಕಕ್ಕೈತೆ. ಬಂದು ಬಿಡಿಸು ಬಾ."

ಸೌಮ್ಯ ಸೌಟು ಹಿಡಿದುಕೊಂಡೇ ಬಂದಳು. "ಕಿರುಚ್ಬೇಡ ಕಣಣ್ಣ. 'ಮಗಳು' ಅನ್ನೋದ್ರಾಗೂ ಮೊದ್ಲು 'ಮಗ' ಐತಲ್ಲ, ಅಷ್ಟೇ ಓದಿ ತಳ್ಳೈತೆ. ಈಗ, ಹೆಸರ್ನಾಗೆ 'ಮಗಳ' ಅಂತ ಎಲ್ಲೇ ಕಂಡ್ರೂ ಮೊದ್ಲು ಹೆಣ್ಣಿನ ಕಡೆ ಹಾಕು ಅಂತೀನಿ. ಉಳಿದವ್ರು ಗಂಡು."

ಈ ಸಲ ಗಂಡುಗಳು ಗಂಡುಗಳಾಗಿಯೇ ಬಂದರು. ಲಕ್ಷ್ಮೀಪತಿ ರಾಮಕ್ಕನ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತ. ಒಬ್ಬೊಬ್ಬರಾಗಿ ಎಲ್ಲರೂ ಮುಗಿದರು. ಅವನು ಮಾತ್ರ ಬರಲಿಲ್ಲ. ರಾಮಕ್ಕ ಹಿಂದಕ್ಕೆ ತಿರುಗಿಸಿ, ತಿಮ್ಮರಾಯಪ್ಪನ ಮಗ ನರೇಶನ ಮೇಲೆ ಬೆರಳಿಟ್ಟಳು. ಅಲ್ಲಿಂದಲೇ ಫೋನ್ ಮಾಡಿ ಅವರಪ್ಪನಿಗೆ ಮಾತು ಕೊಟ್ಟು, ಬಸ್ಸಿಗೆ ನಡೆದಳು.

ಲಕ್ಷ್ಮೀಪತಿಗೆ ಲ್ಯಾಪ್‌ಟಾಪನ್ನು ಎತ್ತಿ ಬಾವಿಗೆ ಹಾಕಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ, ಭಾಮೈದನಿಗೆಂದು ಹೆಣ್ಣಿನ ಫೋಲ್ಡರು ಕೆದಕುತ್ತಿದ್ದ ಮುನಿರತ್ನ ಕೂಗಿದ. "ಅಣ್ಣೋ, ಈ ಹುಡ್ಗಿ ಲಕ್ಷಣವಾಗವ್ಳೆ. ಮೀಸೆ ಒಂದು ತೆಗೆಸ್ಬೇಕು."

ಪರದೆಯ ತುಂಬ ಲಕ್ಷ್ಮೀಪತಿಯೇ ಇದ್ದ. ಕೆಳಗೆ, ಬೇರೆ ಹೆಣ್ಣಿನ ಕಡೆಯವರ ಕಣ್ಣಿಗೆ ಬೀಳದಿರಲೆಂದು ಅವನೇ ಆಸೆಯಿಂದ ಇಟ್ಟ ಹೆಸರು: 'ರಾಮಕ್ಕನ ಮಗಳಿಗೆ'.

"ಪ್ರೋಗ್ರಾಮು ಸರೀಗೇ ಐತೆ," ಎಂದಳು ಸೌಮ್ಯ, ನಗು ನುಂಗಿಕೊಂಡು.

ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಅವನು ಬಸ್ಸಿನವರೆಗೂ ಓಡಿದ. "ಅತ್ತೇ... ಅಲ್ಲ, ರಾಮಕ್ಕನೋರೆ, ಇದೊಂದು ಫೋಟೋ ಬಿಟ್ಟೋಗಿತ್ತು."

ರಾಮಕ್ಕ ಕಿಟಕಿಯಿಂದ ಫೋಟೋ ನೋಡಿದಳು, ಅವನ ಮುಖ ನೋಡಿದಳು. "ಬೆಳಿಗ್ಗೆಯಿಂದ ಎದುರ್ಗೇ ಇದ್ದೀಯ, ಬಾಯಿ ಬಿಡೋಕೇನಾಗಿತ್ತಪ್ಪ? ಮಾತು ಕೊಟ್ಟಾಯ್ತಲ್ಲ."

ಬಸ್ಸು ಹೊರಟಿತು. ಅವಳು ಮರುಕದಿಂದ ಕತ್ತು ಹೊರಗೆ ಹಾಕಿದಳು.

"ಬೇಜಾರ್ ಮಾಡ್ಕೋಬೇಡ. ನಮ್ ಕಡೆ ಒಬ್ಬ ಒಳ್ಳೆ ಬ್ರೋಕರ್ ಅವ್ನೆ. ಅವನ್ಗೆ ನಿನ್ ವಿಷಯ ಹೇಳ್ತೀನಿ."