ಅತ್ತೆ ಮನೆಯಲ್ಲಿ ಅಂಗಿ ಬಿಚ್ಚಿದ್ದು

ಎಲ್ಲಕ್ಕೂ ಮೂಲ ಎರಡು ಚೊಂಬು ಬಿಸಿನೀರು.

ಹನ್ನೆರಡು ದಿನದ ಕೂಸನ್ನು ನೋಡಲು ಹರಪನಹಳ್ಳಿಯಿಂದ ಅಳಿಯ ಬರುತ್ತಾನೆಂದು ಕೊಟ್ಟೂರಿನ ದಾಕ್ಷಾಯಣಮ್ಮ ಬೆಳಗಿನ ಚಳಿಯಲ್ಲೇ ಮೊಮ್ಮಗನಿಗೆ ಎಣ್ಣೆ ಹಚ್ಚಿ ಜಳಕ ಮಾಡಿಸಿಬಿಟ್ಟಳು. ಕೂಸು ಫಳಫಳ ಹೊಳೆಯಬೇಕೆಂಬ ಆಸೆ. ಅದಿನ್ನೂ ಎರಡು ಕೇಜಿ ದಾಟದ ಕೂಸು, ತೂಕ ಏರುವವರೆಗೆ ಮೈ ಒರೆಸಿದರೆ ಸಾಕು ಎಂದು ಆಸ್ಪತ್ರೆಯಲ್ಲಿ ಸಾರಿ ಸಾರಿ ಹೇಳಿದ್ದು ಅಳಿಯನ ಮೇಲಿನ ಭಕ್ತಿಯಲ್ಲಿ ಮರೆತೇಹೋಯಿತು.

ಅಳಿಯ ಬಸವೇಶ ಟೈಲರ್. ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕುವ ಮನುಷ್ಯ. ಅತ್ತೆ ಮನೆಗೆ ಬಂದನೆಂದರೆ ಗರ್ಭಗುಡಿಯ ಮುಂದಿನ ಬಸವಣ್ಣನೇ: ಅಲುಗುವುದಿಲ್ಲ, ಮಾತಾಡುವುದಿಲ್ಲ, ಇಟ್ಟ ನೈವೇದ್ಯವನ್ನು ಮಾತ್ರ ಮುಗಿಸುತ್ತಾನೆ. ಅವನು ಒಗ್ಗರಣೆ ಮಂಡಕ್ಕಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ದ್ಯಾಮಕ್ಕ ಒಳಗೆ ಬಂದು ಕೂಸಿನ ಅಂಗಾಲು ಮುಟ್ಟಿದಳು. ಹೊಟ್ಟೆ ಮುಟ್ಟಿದಳು. ಆಮೇಲೆ ದಾಕ್ಷಾಯಣಮ್ಮನ ಮುಖ ನೋಡಿದಳು.

“ಜಳಕ ಮಾಡ್ಸೀಯೇನವ್ವ?”

“ಎರಡೇ ಚೊಂಬು...”

“ಕಾಲು ನೋಡು, ಬಾವಿ ಹಗ್ಗ ಆಗ್ಯಾವು! ಹೊಟ್ಟಿ ಇನ್ನೂ ಬೆಚ್ಚಗೈತಿ, ಪುಣ್ಯ. ಈಗಿಂದೀಗ ಎದಿಗೆ ಹಚ್ಚಿ ಕಾವು ಕೊಡಬೇಕು. ಒಂದು ತಾಸಿನಾಗ ಕಾಲು ಬಿಸಿ ಆಗ್ಲಿಲ್ಲಂದ್ರ ನನಗ ಫೋನ್ ಹಚ್ರಿ. ಸೀದಾ ದೊಡ್ಡಾಸ್ಪತ್ರಿಗೆ ಹೋಗೋಣು.”

ತಾಯಿ ಗಂಗಾಂಬಿಕಾ ಮೂರು ರಾತ್ರಿ ಕೂಸನ್ನು ಎದೆಗೆ ಕಟ್ಟಿಕೊಂಡೇ ಕೂತವಳು. ಕೂತಲ್ಲೇ ತೂಕಡಿಸುತ್ತಿದ್ದಳು. ದಾಕ್ಷಾಯಣಮ್ಮನಿಗೋ ವಾರದಿಂದ ಕೆಮ್ಮು. ದ್ಯಾಮಕ್ಕನ ಕಣ್ಣು ಮನೆಯೆಲ್ಲ ತಿರುಗಿ ಬಸವೇಶನ ಮೇಲೆ ನಿಂತಿತು.

“ಅಂಗಿ ಬಿಚ್ರಿ.”

ಬಾಯಲ್ಲಿದ್ದ ಮಂಡಕ್ಕಿ ಬಾಯಲ್ಲೇ ಉಳಿಯಿತು. “ಯಾರು, ನಾನಾ?”

“ಮತ್ತ್ಯಾರು, ಗ್ವಾಡಿ ಮ್ಯಾಲಿನ ಕ್ಯಾಲೆಂಡರಾ? ಬನಿಯನ್ನೂ ತಗೀರಿ. ಮೈಗೆ ಮೈ ತಾಗಬೇಕು. ಅಪ್ಪನ ಎದಿಗೂ ಕಾವು ಇರತೈತಿ.”

“ಅಕ್ಕಾರೆ, ಇದು ಅತ್ತೆ ಮನೆ...”

“ಕೂಸು ಯಾರದ್ರಿ?”

ಬಸವೇಶನ ಕೈ ಕುತ್ತಿಗೆಯ ಗುಂಡಿಗೆ ಹೋಯಿತು. ಗುಂಡಿಗಳು ಒಂದೊಂದಾಗಿ ಬಿಚ್ಚಿಕೊಂಡವು. ದಾಕ್ಷಾಯಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದಳು. ದ್ಯಾಮಕ್ಕ ಕೂಸಿಗೆ ಕುಲಾವಿ, ಕಾಲುಚೀಲ ಹಾಕಿ, ಹಳೆ ಸೀರೆಯಲ್ಲಿ ಅವನ ಎದೆಗೆ ನೆಟ್ಟಗೆ ಕಟ್ಟಿ, ಮೇಲೊಂದು ಕೌದಿ ಹೊದಿಸಿದಳು. “ಮೂಗು ಬಾಯಿ ಮುಚ್ಚಬಾರದು. ನೀವು ನಿದ್ದಿ ಮಾಡಬಾರದು,” ಎಂದು ಹೇಳಿ, ಗಂಗಾಂಬಿಕಾಳನ್ನು ಒಳಕೋಣೆಯಲ್ಲಿ ಮಲಗಿಸಿ ಹೋದಳು.

ಎದೆಯ ಮೇಲೆ ಕಾಲುಚೀಲದೊಳಗೂ ತಣ್ಣಗಿದ್ದ, ಹೆಬ್ಬೆರಳಿನಷ್ಟುದ್ದದ ಎರಡು ಪಾದ. ಬಸವೇಶನ ನಾಚಿಕೆ ಹಾರಿಹೋಗಿ ಭಯ ಹಿಡಿಯಿತು. ಜೋರಾಗಿ ಉಸಿರಾಡಿದರೆ ಕೂಸಿಗೆ ಎಲ್ಲಿ ಎಚ್ಚರವಾದೀತೋ ಎಂದು ಮೆಲ್ಲಗೆ ಶಿವನಾಮ ಹಿಡಿದ.

“ಅಳಿಯ ಬಂದಾರಂತಲ್ಲ!” ಪಕ್ಕದ ಮನೆಯ ಜಂಬಕ್ಕ ಹೊಸ್ತಿಲು ದಾಟಿಯೇಬಿಟ್ಟಳು.

ಬಸವೇಶ ಗೋಡೆಯ ಕಡೆ ತಿರುಗಿ ಕೂತ. ಅಳಿಯನನ್ನು ಬರಿಮೈಯಲ್ಲಿ ಕೂರಿಸಿದ ಸುದ್ದಿ ಓಣಿಗೆಲ್ಲ ಹಬ್ಬಿದರೆ ಗತಿಯೇನು ಎಂದು ದಾಕ್ಷಾಯಣಮ್ಮನ ಬಾಯಿಗೆ ಬಂದದ್ದು ಒಂದೇ ಮಾತು: “ಜ್ವರ, ಜಂಬಕ್ಕ! ಚಳಿಜ್ವರ!”

“ಗ್ವಾಡಿ ಕಡಿ ಯಾಕ ಕುಂತಾರ?”

“ಕಣ್ಣಿಗೆ ಬೆಳಕು ಆಗವಲ್ದು.”

“ಅಯ್ಯೋ ಶಿವನೇ, ಬೆಳಕು ಆಗದ ಜ್ವರಾನ? ಅದು ಭಾಳ ಕೆಟ್ಟದ್ದು!”

ಹತ್ತು ನಿಮಿಷದಲ್ಲಿ ಅರ್ಧ ಓಣಿ ಪಡಸಾಲೆಯಲ್ಲಿತ್ತು. ಒಬ್ಬಳು ಮೆಣಸಿನ ಕಷಾಯ ತಂದಳು. ಇನ್ನೊಬ್ಬಳು ಕೆಂಡದ ಮೇಲೆ ಲೋಬಾನ ಸುರಿದು ಹೊಗೆ ಎಬ್ಬಿಸಿಕೊಂಡೇ ಬಂದಳು.

“ಹೊಗೆ ಹೊರಗೆ ಹಾಕ್ರೀ!” ಅತ್ತೆ ಮನೆಯಲ್ಲಿ ಬಸವೇಶ ಮೊದಲ ಸಲ ಗುಡುಗಿದ.

“ಸಿಟ್ಟೂ ಬರಾಕತ್ತೈತಿ ನೋಡ್ರಿ,” ಎನ್ನುತ್ತ ಜಂಬಕ್ಕ ನೀಲಗಿರಿ ಎಣ್ಣೆಯ ಸೀಸೆ ಹಿಡಿದು ಹತ್ತಿರ ಬಂದಳು. “ಎದಿ ತಗೀರಿ, ತಿಕ್ಕತೀನಿ.”

“ಬ್ಯಾಡ್ರೀ!”

“ನಾಚಿಕಿ ಎಂಥದ್ರಿ, ನನ್ನ ಮಗನ ವಾರಿಗಿಯವ್ರು ನೀವು!” ಅವಳು ಕೌದಿ ಎಳೆದಳು, ಇವನು ಬಿಗಿಹಿಡಿದ. ಆಗ ಒಳಗಿಂದ ಸಣ್ಣಗೆ ‘ಕುಂಯ್’ ಎಂದಿತು.

ಹೆಂಗಸರೆಲ್ಲ ಕಿವಿ ನಿಮಿರಿಸಿದರು.

“ಕೇಳಿದ್ರೇನು?” ಜಂಬಕ್ಕ ಕೌದಿ ಬಿಟ್ಟು ಹಿಂದೆ ಸರಿದಳು. “ಹೊಟ್ಟ್ಯಾಗ ವಾಯು ಸುತ್ತಾಕತ್ತೈತಿ!”

ಅದೇ ಹೊತ್ತಿಗೆ ಬಸವೇಶನ ಎದೆಯಿಂದ ಹೊಟ್ಟೆಯ ಮೇಲೆ ಬಿಸಿ ತೊರೆಯೊಂದು ಇಳಿದು ನೆಲ ಸೇರಿತು. “ಬೆವರು! ಬೆವರು ಒಡೀತು!” ಎಂದು ಹೆಂಗಸರು ಕೈಮುಗಿದರು. ಬೆವರಿದವರಿಗೆ ಗಾಳಿ ಬೇಕೆಂಬ ನೆವ ಹೇಳಿ ದಾಕ್ಷಾಯಣಮ್ಮ ಎಲ್ಲರನ್ನೂ ಹೊರಗೆ ತಳ್ಳಿ ಬಾಗಿಲು ಹಾಕಿ, ಕೂಸಿನ ಒದ್ದೆ ಬಟ್ಟೆ ಬದಲಿಸಿದಳು. ಜಂಬಕ್ಕ ಕಟ್ಟೆಯ ಮೇಲೆ ನಿಂತು ಯಾರಿಗೋ ಫೋನ್ ಹಚ್ಚಿದಳು.

ತಾಸಿನೊಳಗೆ ಅಂಗಾಲು ಬೆಚ್ಚಗಾದವು. ಬಸವೇಶ ನಾಲ್ಕು ಸಲ ಮುಟ್ಟಿ ನೋಡಿದ, ಐದನೆಯ ಸಲ ಸುಮ್ಮನೆ ಮುಟ್ಟಿದ. ಮಧ್ಯಾಹ್ನ ದ್ಯಾಮಕ್ಕ ಬಂದು ಥರ್ಮಾಮೀಟರ್ ಇಟ್ಟು ನಕ್ಕಳು. “ಹಂಚಿನ ಮ್ಯಾಲಿನ ಹೋಳಿಗಿ ಆಗ್ಯಾನ ನಿಮ್ಮ ಮಗ! ಹಾಲು ಕುಡಿಯಾಕ ಕೊಡ್ರಿನ್ನ. ದಿನಾ ಒಂದೆರಡು ತಾಸು ನೀವು ಹಿಡ್ಕಂಡ್ರ ಗಂಗವ್ವಗ ನಿದ್ದಿ ಆಗತೈತಿ.”

“ನಾಲ್ಕು ದಿನ ಇಲ್ಲೇ ಇರ್ತೀನಿ ಬಿಡ್ರಿ.”

“ಅಂಗಡಿ?” ಎಂದಳು ಗಂಗಾಂಬಿಕಾ.

“ಬಾಗಿಲು ಹಾಕಿರ್ಲಿ.” ಕೂಸನ್ನು ಅವಳಿಗೆ ಕೊಟ್ಟು, ಅಂಗಿ ತೊಟ್ಟು, ಗುಂಡಿ ಹಾಕದೆಯೇ ತನ್ನ ಸರದಿಗೆ ಕಾಯುತ್ತ ಕೂತ.

ದ್ಯಾಮಕ್ಕ ಅತ್ತ ಹೋದಳು, ಇತ್ತ ಬಾಗಿಲಿಗೆ ಟಂಟಂ ಬಂದು ನಿಂತಿತು. ಅದರಿಂದ ಬಸವೇಶನ ತಾಯಿ ನಾಗಲಿಂಗಮ್ಮ, ಸೋದರಮಾವ ಹಾಲೇಶಪ್ಪ, ಹಿಂದೆ ಆರು ಜನ ಬಂಧುಗಳು ಅಳುತ್ತಲೇ ಇಳಿದರು. ಜಂಬಕ್ಕನ ಫೋನ್ ಮುಟ್ಟಿದ್ದು ಅಲ್ಲಿಗೆ.

“ಬೆಳಕು ಆಗದ ಜ್ವರ ಅಂತಲ್ಲೋ ನನ್ನಪ್ಪಾ!”

“ಜ್ವರಗಿರ ಏನಿಲ್ಲವ್ವ. ಅಂಗಿ ಬಿಚ್ಚಿ, ಕೂಸನ್ನ ಎದೆಗೆ ಕಟ್ಕಂಡು, ಕೌದಿ ಹೊದ್ಕಂಡು ಕೂತಿದ್ದೆ, ಅಷ್ಟೇ.”

ನಾಗಲಿಂಗಮ್ಮ ತಲೆಯ ಮೇಲೆ ಕೈ ಹೊತ್ತಳು. “ತಲೆಗೇರೈತಲ್ರಪ್ಪೋ! ನನ್ನ ಮುಂದೇ ಅಂಗಿ ಬಿಚ್ಚದೋನು ಅತ್ತೆ ಮನೇಲಿ ಬಿಚ್ಚಿದ್ನಂತೆ!”

“ಅತ್ತೇರನ್ನೇ ಕೇಳವ್ವ!”

ಎಂಟು ಜನ ಬೀಗರು ದಾಕ್ಷಾಯಣಮ್ಮನ ಕಡೆ ತಿರುಗಿದರು. ನಿಜ ಹೇಳಿದರೆ ಅಂಗಿಯಿಂದ ಮಾತು ಜಳಕಕ್ಕೆ ಹೋಗುತ್ತದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಏನ್ ಹೇಳ್ಲಿ ಬೀಗ್ತಿ, ಮುಂಜಾನಿಂದ ಹಿಂಗೇ ಬಡಬಡಿಸಾಕತ್ತಾರ.”

ಗಂಗಾಂಬಿಕಾ ಕೂಸಿನೊಂದಿಗೆ ಹೊರಬಂದು, “ಅತ್ತಿ, ಅವ್ರು ಹೇಳೋದು...” ಎನ್ನುವಷ್ಟರಲ್ಲಿ ದಾಕ್ಷಾಯಣಮ್ಮನಿಗೆ ಎಲ್ಲಿಲ್ಲದ ಕೆಮ್ಮು ಬಂತು. ಬಸವೇಶ ಎರಡೂ ಕೈ ಚಾಚಿದ. ನಾಗಲಿಂಗಮ್ಮ ಅಡ್ಡ ನಿಂತಳು.

“ಲೇ, ಮುಟ್ಟೀಯ! ಜ್ವರ ಬಂದೋನು ಹಸುಗೂಸಿನ ಹತ್ರ ಸುಳಿಬಾರ್ದು. ಹದಿನೈದು ದಿನ ಇತ್ಲಾಗೆ ಬರಬ್ಯಾಡ. ಇಲ್ಲಿ ನಾನಿರ್ತೀನಿ, ನೀನು ಮಾವನ ಜೋಡಿ ಮನೆಗೆ ನಡಿ.”

ಟಂಟಂ ಊರು ದಾಟಿತು. ಇಬ್ಬರು ಬಂಧುಗಳ ನಡುವೆ ಬಸವೇಶನನ್ನು ಗಂಟುಮೂಟೆಯಂತೆ ಕೌದಿಯಲ್ಲಿ ಸುತ್ತಿ ಕೂರಿಸಿದ್ದರು. ಅವನ ಕೈ ಮಾತ್ರ, ಕೂಸಿನ ಮೂಗು ಮುಚ್ಚದಂತೆ ನೋಡಿಕೊಳ್ಳುವವನ ಹಾಗೆ, ಕುತ್ತಿಗೆಯ ಬಳಿ ಕೌದಿಯನ್ನು ಮತ್ತೆ ಮತ್ತೆ ಸಡಿಲಿಸುತ್ತಿತ್ತು.

“ಮುಚ್ಕಳೋ,” ಎಂದ ಹಾಲೇಶಪ್ಪ. “ಎದೆಗೆ ಚಳಿ ಹತ್ತತೈತೆ.”

“ಆಗ್ಲೇ ಹತ್ತೈತೆ ಮಾವ,” ಎಂದ ಬಸವೇಶ.